ಮುಖಕ್ಕೆ ಬಳಿದ ತೋಟದ ಗುಲಾಬಿ

ಬೇತಮಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ ಶ್ಯಾಮಲಳ ಮನೆ. ಗಂಡ ಮುನಿರಾಜ್ ಲಾರಿ ಓಡಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಂದು, ಒಂದು ದಿನ ಇದ್ದು ಹೋಗುತ್ತಾನೆ. ಒಬ್ಬಳೇ ಮಗಳು ಲಿಖಿತ ಕೋಲಾರದ ಹಾಸ್ಟೆಲಿನಲ್ಲಿದ್ದು ಎಂಟನೇ ತರಗತಿ ಓದುತ್ತಾಳೆ. ಶ್ಯಾಮಲ ಬೆಳಗ್ಗೆ ವೆಂಕಟೇಶಪ್ಪನವರ ಗುಲಾಬಿ ತೋಟದಲ್ಲಿ ಹೂ ಬಿಡಿಸಿ, ಮನೆಗೆ ಬಂದು ಮುದ್ದೆ ತಿರುವಿ ಉಣ್ಣುತ್ತಾಳೆ. ಒಬ್ಬಳಿಗೆ ಎಷ್ಟು ಹಿಟ್ಟು ಹಾಕಬೇಕೆಂಬುದು ಇನ್ನೂ ಅವಳ ಕೈಗೆ ಕೂತಿಲ್ಲ. ಯಾವಾಗಲೂ ಹೆಚ್ಚೇ ಆಗುತ್ತದೆ.

ತಿಂಗಳಿಗೊಂದು ಭಾನುವಾರ ಮಗಳನ್ನು ನೋಡಲು ಹೋಗುತ್ತಾಳೆ. ಶ್ಯಾಮಲ ಕಾಯುವ ದಿನ ಅದೊಂದೇ. ಆದರೆ ಹೋದ ವರ್ಷದಿಂದ ಎರಡೂ ಕೆನ್ನೆಗೆ ಬಂಗು ಬಂದು ಕಪ್ಪಾಗಿದೆ. ಹಿಂದಿನ ಸಲ ಹಾಸ್ಟೆಲಿನಲ್ಲಿ ಲಿಖಿತಳ ಗೆಳತಿಯೊಬ್ಬಳು, "ನಿಮ್ಮಮ್ಮನ ಮುಖಕ್ಕೇನೇ ಮಸಿ?" ಎಂದಿದ್ದಳು. ಮಗಳು ಸುಮ್ಮನಿದ್ದದ್ದೇ ಶ್ಯಾಮಲಳ ಎದೆಯಲ್ಲಿ ಕೂತುಬಿಟ್ಟಿತು.

ಗುಲಾಬಿ ಅರೆದು ಹಚ್ಚಿದರೆ ಮುಖ ಬೆಳ್ಳಗಾಗುತ್ತದೆಂದು ಫೋನಿನ ವಿಡಿಯೊದಲ್ಲಿ ಯಾರೋ ಹೇಳಿದರು. ಮಾರಾಟಕ್ಕೆ ಹೋಗದ, ದಳ ಬಿಚ್ಚಿದ ಹೂವನ್ನು ತೋಟದ ಹೆಂಗಸರು ಸೆರಗಿಗೆ ಕಟ್ಟಿಕೊಂಡು ಬರುವುದು ವಾಡಿಕೆ. ಶ್ಯಾಮಲಳೂ ತಂದಳು, ಅರೆದಳು, ನಿಂಬೆಹುಳಿ ಹಿಂಡಿ ಹಚ್ಚಿಕೊಂಡಳು. ಮೂರನೇ ದಿನಕ್ಕೆ ಮುಖ ಉರಿದು ಬೊಬ್ಬೆ ಎದ್ದವು. ಕೆಲಸ ಬಿಟ್ಟು ಬಾಗಿಲು ಹಾಕಿಕೊಂಡಳು. ಮಗಳ ಭಾನುವಾರ ಬಂತು. ಕೋಲಾರದ ಬಸ್ಸು ಹೋಗುವ ಸದ್ದು ಕೇಳುತ್ತಾ ಗೋಡೆ ಕಡೆ ತಿರುಗಿ ಮಲಗಿದಳು.

ನಾಲ್ಕು ದಿನ ಕಳೆದು ಆಶಾ ಕಾರ್ಯಕರ್ತೆ ಕನಕಮ್ಮ ಬಾಗಿಲು ತಟ್ಟಿದಳು. ತಮಿಳು ಮಾತಾಡುವವರೇ ಹೆಚ್ಚಿರುವ ಮಾರಿಕುಪ್ಪಂನಲ್ಲಿ ಹುಟ್ಟಿ ಬೆಳೆದವಳು. ಅವಳ ಮಾತಿನ ನಡುವೆ ತಮಿಳು ಬಂದು ಹೋಗುತ್ತದೆ.

"ಲೇ ಶ್ಯಾಮಲಾ, ತೆಗೀ ಬಾಗ್ಲು."

"ಜ್ವರ ಕನಕಕ್ಕಾ, ಆಮ್ಯಾಕೆ ಬಾ."

"ಜ್ವರ ನೋಡೋದೇ ನನ್ನ ಕೆಲ್ಸ ಕಣೇ. ಇಲ್ಲೇ ಕೂತ್ಕೊಂತೀನಿ. ನಂಗೇನೂ ಅವಸರ ಇಲ್ಲ."

ಅರ್ಧ ಗಂಟೆ ಕೂತೇ ಇದ್ದಳು. ಬಾಗಿಲು ತೆರೆಯಿತು.

"ಅಡಿಪಾವಿ! ಏನು ಬಳ್ಕೊಂಡೆ ಮುಖಕ್ಕೆ?"

"ಗುಲಾಬಿ. ಹೂವಿನಿಂದ ಏನಕ್ಕಾ ಕೆಡ್ತೈತೆ?"

"ಯಾವ ಹೂವು?"

"ತೋಟದ್ದೇ."

"ಔಷಧಿ ಹೊಡೆದ ದಿನ ತೋಟದಾಗೆ ಮೂಗಿಗೆ ಬಟ್ಟೆ ಕಟ್ಕೊಂತೀಯಲ್ಲ, ಯಾಕೆ?"

"ವಿಷ ಅಲ್ವಾ..." ಎಂದವಳು ಕೆನ್ನೆ ಮುಟ್ಟಿ ನೋಡಿಕೊಂಡಳು.

"ಮೂಗಿಗೆ ಬ್ಯಾಡ, ಕೆನ್ನೆಗೆ ಬೇಕಾ? ಅದ್ರ ಮೇಲೆ ನಿಂಬೆಹುಳಿ ಬೇರೆ! ಮುಖ ಏನು ಚಿತ್ರಾನ್ನನಾ?"

ಎಷ್ಟೋ ದಿನದ ಮೇಲೆ ಶ್ಯಾಮಲ ನಕ್ಕಳು. ನಗುತ್ತಲೇ ಅತ್ತಳು. ಕಣ್ಣೀರಿಗೆ ಕೆನ್ನೆ ಉರಿಯಿತು.

ಕನಕಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮುಲಾಮು ಕೊಟ್ಟು, ವಾಸಿಯಾಗುವ ತನಕ ಬೇರೇನೂ ಹಚ್ಚಬೇಡಿ ಎಂದರು. ಮೂರು ವಾರಕ್ಕೆ ಗಾಯ ಮಾಯಿತು.

"ಇನ್ನು ಗುಲಾಬಿ ಕಂಡ್ರೆ ಓಡೋಗ್ತೀನಿ ಅಕ್ಕಾ."

"ಅದೇನು ಮಾಡ್ತು ಪಾಪ? ನಮ್ಮನೆಗೆ ಬಾ."

ಕನಕಮ್ಮನ ಹಿತ್ತಿಲಲ್ಲಿ ಒಡೆದ ಬಕೀಟಿನಲ್ಲೊಂದು ಪನ್ನೀರು ಗುಲಾಬಿ. ಕೊಟ್ಟಿಗೆ ಗೊಬ್ಬರ ಬಿಟ್ಟರೆ ಅದಕ್ಕೆ ಏನೂ ಬಿದ್ದಿಲ್ಲ. ಅವಳು ದಳ ತೊಳೆದು ನೀರಿಗೆ ಹಾಕಿದಳು, ಪಾತ್ರೆಯ ನಡುವೆ ಬಟ್ಟಲಿಟ್ಟಳು, ಮುಚ್ಚಳ ಬೋರಲು ಹಾಕಿ ಮೇಲೆ ತಣ್ಣೀರು ಸುರಿದಳು. ಸಣ್ಣ ಉರಿಯಲ್ಲಿ ಹಬೆ ಹನಿ ಹನಿ ಪನ್ನೀರಾಗಿ ಬಟ್ಟಲಿಗೆ ಇಳಿಯಿತು.

"ಕುದಿಸಿ ತೊಳೆದ ಸೀಸೆಗೆ ತುಂಬ್ಸು, ತಂಪಿನಾಗಿಡು, ವಾರ ಆದ್ಮೇಲೆ ಚೆಲ್ಲು. ಮೊದ್ಲು ಮೊಣಕೈ ಒಳಗೆ ಹಚ್ಚಿ ಒಂದಿನ ನೋಡು. ನವೆ ಬಂದ್ರೆ ಮುಟ್ಬೇಡ."

"ಬಂಗು ಹೋಗ್ತೈತಾ?"

"ಇಲ್ಲ. ಬಿಸಿಲಾಗೆ ದುಡಿದ ಮುಖಕ್ಕೆ ತಂಪು, ಧೂಳು ಬೆವರು ಒರೆಸ್ಕೊಂಡ್ರೆ ಹಗುರ, ವಾಸನೆಗೆ ಮನಸೂ ಒಂಚೂರು ತಿಳಿಯಾಗ್ತೈತೆ. ಅಷ್ಟೇ. ಬಂಗಿಗೆ ಚರ್ಮದ ಡಾಕ್ಟ್ರವ್ರೆ, ತೋರಿಸೋಣ. ಬಿಸಿಲಿಗೆ ಹೋಗೋವಾಗ ಮುಖಕ್ಕೆ ನೆರಳಿರಲಿ."

"ಅಂಗಾದ್ರೆ ಈ ಮುಖ ಇಟ್ಕೊಂಡೇ ಮಗಳ ಹತ್ರ ಓಗ್ಲಾ?"

"ನನ್ನ ಯಾಕೆ ಕೇಳ್ತೀಯ? ಅವಳನ್ನೇ ಕೇಳು," ಎಂದು ಕನಕಮ್ಮ ಹಾಸ್ಟೆಲಿಗೆ ಫೋನು ಹಚ್ಚಿಕೊಟ್ಟಳು.

"ಯಾಕಮ್ಮಾ ಬರ್ಲಿಲ್ಲ?" ಲಿಖಿತ ಕೇಳಿದಳು. "ಕತ್ತಲಾಗೋ ತನಕ ಗೇಟ್ ಹತ್ರ ನಿಂತಿದ್ದೆ."

"ಮುಖ ಅಂಗೇ ಐತೆ ಕಣವ್ವಾ. ನಿಂಗೆ ನಾಚ್ಕೆ ಅಂತ..."

"ನಂಗಾ? ಅಂಗಂದೋಳ ಜೊತೆ ಅವತ್ತಿಂದ ಮಾತು ಬಿಟ್ಟಿದೀನಿ. ನೀನು ಬಾಮ್ಮಾ, ಸಾಕು."

ಆ ತಿಂಗಳ ಭಾನುವಾರ ಶ್ಯಾಮಲ ಸೆರಗನ್ನು ಮುಖಕ್ಕೆ ಎಳೆದುಕೊಳ್ಳದೆ ಬಸ್ಸು ಹತ್ತಿದಳು. ಕೆನ್ನೆಯ ಮೇಲೆ ಬಂಗು ಇತ್ತು. ಗೇಟಿನಲ್ಲಿ ಲಿಖಿತ ಓಡಿ ಬಂದು ಅದೇ ಕೆನ್ನೆಗೆ ಕೆನ್ನೆ ಒತ್ತಿ, ಗೆಳತಿಯರು ನೋಡುತ್ತಿದ್ದರೂ ಬಿಡಲಿಲ್ಲ.

ತಾಯಂದಿರೇ, ಅಕ್ಕ ತಂಗಿಯರೇ, ಗುಲಾಬಿ ಒಳ್ಳೆಯದೇ. ಆದರೆ ಔಷಧಿ ಹೊಡೆದ ಹೂವು ಮುಖಕ್ಕಲ್ಲ. ಹಿತ್ತಿಲಲ್ಲಿ ನಿಮ್ಮದೇ ಒಂದು ಗಿಡ ನೆಡಿ. ಏನು ಹಚ್ಚಿ ಉರಿದರೂ ಕೂಡಲೇ ತಣ್ಣೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಬೆಳ್ಳಗೆ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ನಿಮ್ಮ ಬೀದಿಯಲ್ಲೂ ಮುಖ ತೋರಿಸಲಾರದೆ ಒಳಗೇ ಉಳಿದವಳೊಬ್ಬಳು ಇರಬಹುದು. ಇವತ್ತೇ ಹೋಗಿ ಅವಳನ್ನು ಮಾತಾಡಿಸಿ.