ಗುಂಡಕ್ಕನ ಓಕೆ

ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟುಗಳನ್ನು ಹೊಲಿಯುವ ಶೆಡ್ಡು ಅದು. ಬೆಲ್ಟನ್ನು ಪರೀಕ್ಷಿಸುವ ಕೆಲಸ ಗುಂಡಕ್ಕನದು. ಇಡೀ ಶೆಡ್ಡಿನಲ್ಲಿ ಅವಳಷ್ಟು ಮೈಭಾರದವರು ಇನ್ನೊಬ್ಬರಿಲ್ಲ ಎಂದೇ ಆ ಕೆಲಸ ಅವಳಿಗೆ ಸಿಕ್ಕಿದ್ದು. ತೆಳ್ಳಗಿದ್ದವರೆಲ್ಲ ಹೊಟ್ಟೆಕಿಚ್ಚು ಪಟ್ಟುಕೊಂಡರು. ಬೆಲ್ಟು ಕಟ್ಟಿಕೊಂಡು, ತೊಲೆಯ ಕೊಕ್ಕೆಗೆ ಸಿಕ್ಕಿಸಿ, ಸ್ಟೂಲಿನಿಂದ ಕಾಲು ತೆಗೆದು ಜೋತುಬೀಳಬೇಕು. ಆಮೇಲೆ ಧಪ್ಪೆಂದು ನೆಲಕ್ಕಿಳಿದು "ಓಕೆ!" ಎಂದು ಕೂಗಬೇಕು. ಮೆಷಿನುಗಳ ಗಲಾಟೆಯಲ್ಲಿ ಆ ಕೂಗು ಕೇಳಿದ ಮೇಲೆಯೇ ಪ್ಯಾಕಿಂಗಿನವನು ಬೆಲ್ಟನ್ನು ಡಬ್ಬಕ್ಕೆ ಹಾಕುತ್ತಿದ್ದ.

ಓಕೆ ಎಂದು ಮಾಲೀಕನೂ ದಿನವಿಡೀ ಅನ್ನುತ್ತಿದ್ದ, ಬಿಡಿ. ಸಂಬಳ ಜಾಸ್ತಿ ಕೇಳಿದರೆ "ಓಕೆ ಓಕೆ, ನೋಡೋಣ", ಅಂದರೆ ಮರೆತುಬಿಡು ಎಂದು. ಕಣ್ಣು ಕೆಕ್ಕರಿಸಿ "ಓಕೆ?" ಅಂದರೆ ಬಾಯಿ ಮುಚ್ಚು ಎಂದು. ಗುಂಡಕ್ಕನ ಗಂಡ ಜಗಳದಲ್ಲಿ ಸೋತಾಗ ಓಕೆ ಅನ್ನುತ್ತಿದ್ದ, ಗೆದ್ದಾಗಲೂ ಅದನ್ನೇ ಅನ್ನುತ್ತಿದ್ದ, ಗೆದ್ದದ್ದು ಅಪರೂಪ. ಬೆನ್ನುಮೂಳೆಯಿಲ್ಲದ ಮಾತು ಅದು, ಬಗ್ಗಿಸಿದ ಕಡೆ ಬಗ್ಗುತ್ತದೆ. ಗುಂಡಕ್ಕನ ಬಾಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥವಿತ್ತು: ನಾನು ಜೋತುಬಿದ್ದೆ, ಕೆಳಗೆ ಬೀಳಲಿಲ್ಲ.

ಆ ಬೆಳಿಗ್ಗೆ ಅಗ್ಗದ ಹೊಸ ನೂಲಿನಲ್ಲಿ ಹೊಲಿದ ಬೆಲ್ಟುಗಳು ಬಂದವು. ಮೊದಲನೆಯದು ಪರ್ರನೆ ಹರಿದು ಗುಂಡಕ್ಕ ನೆಲಕ್ಕೆ ಕುಕ್ಕರಿಸಿದಳು. ಮುಂದಿನದು ತಡೆಯಿತು, ಅದರ ಮುಂದಿನದು ಮತ್ತೆ ಹರಿಯಿತು. ಅವಳು ಸೊಂಟ ನೀವಿಕೊಂಡು ಸುಮ್ಮನೆ ನಿಂತಳು. ಕೂಗು ಕೇಳದೆ ಪ್ಯಾಕಿಂಗಿನವನ ಕೈಯೂ ನಿಂತಿತು.

ಮಾಲೀಕ ಓಡಿಬಂದ. "ಲಾರಿ ಕಾಯ್ತಾ ಇದೆ! ಎಲ್ಲದಕ್ಕೂ ಜೋತುಬೀಳೋದೇನು ಬೇಡ. ಸುಮ್ನೆ ಓಕೆ ಅನ್ನು."

"ಅನ್ನಲ್ಲ."

ಪಕ್ಕದ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದವಳು ಅವಳ ಒಡಹುಟ್ಟಿದ ಅಕ್ಕ. "ಅಂದ್ಬಿಡೇ ಮಾರಾಯ್ತಿ," ಎಂದು ಪಿಸುಗುಟ್ಟಿದಳು. "ನಿನ್ ಗಂಡನಿಗೂ ಕೆಲಸ ಇಲ್ಲ. ಮಕ್ಳ ಹೊಟ್ಟೆಗೇನ್ ಹಾಕ್ತೀಯ?"

ಗುಂಡಕ್ಕನಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿತ್ತು.

"ಇದನ್ನ ಕಟ್ಕೊಂಡು ಮೇಲೆ ಹತ್ತೋನಿಗೂ ಮಕ್ಳಿರ್ತಾವಲ್ಲಕ್ಕ."

"ಹಾಗಾದ್ರೆ ನಾಳೆಯಿಂದ ನೀನು ಬರ್ಬೇಡ," ಎಂದ ಮಾಲೀಕ. "ಓಕೆ?"

"ಇಲ್ಲ. ಬಂದೇ ಬರ್ತೀನಿ. ಬಂದು, ನಾಳೆನೂ ಅನ್ನಲ್ಲ."

ಮಾಲೀಕ ಕೆಂಡಾಮಂಡಲವಾದ. ಪ್ಯಾಕಿಂಗಿನವನ ಕಡೆ ತಿರುಗಿ ತಾನೇ ಅರಚಿದ: "ಓಕೆ!" ಅವನು ಬೆಲ್ಟು ಮುಟ್ಟಲಿಲ್ಲ. "ಓಕೆ! ಓಕೆ! ಕಿವಿ ಕೇಳಲ್ವೇನೋ?"

ಪ್ಯಾಕಿಂಗಿನವನು ಪಾಪದ ಪ್ರಾಣಿ, ಎದುರಾಡಿದ ಜನ್ಮವಲ್ಲ. ಧಪ್ಪೆನ್ನುವ ಸದ್ದಿನ ಬೆನ್ನಿಗೇ ಆ ಮಾತು ಕೇಳಿ ಅವನಿಗೆ ವರ್ಷಗಟ್ಟಲೆಯಿಂದ ಅಭ್ಯಾಸ. ತನ್ನದೇ ತಪ್ಪೇನೋ ಎಂಬಂತೆ ಕೇಳಿದ, "ಕೇಳ್ತು ಸಾರ್. ಆದ್ರೆ ನೀವಿನ್ನೂ ಜೋತೇ ಬಿದ್ದಿಲ್ವಲ್ಲ?"

ಯಾರೋ ಕಿಸಕ್ಕೆಂದರು. ಒಂದೊಂದಾಗಿ ಮೆಷಿನುಗಳು ನಿಂತವು. ಮೊದಲು ನಿಂತದ್ದು ಅಕ್ಕನದು.

ಗುಂಡಕ್ಕ ರಾಶಿಯಿಂದ ಒಂದು ಬೆಲ್ಟು ಎತ್ತಿಕೊಂಡು, ಸ್ಟೂಲನ್ನು ಕಾಲಿನಿಂದ ಮಾಲೀಕನ ಮುಂದಕ್ಕೆ ತಳ್ಳಿದಳು.

"ಹತ್ತಿ ಸಾರ್. ನೀವು ಇಳಿದು ಓಕೆ ಅಂದ್ರೆ ನಾನೇ ಲಾರಿಗೆ ತುಂಬ್ತೀನಿ."

ಮಾಲೀಕ ಕೊಕ್ಕೆಯನ್ನು ನೋಡಿದ, ಬೆಲ್ಟನ್ನು ನೋಡಿದ. ಆಮೇಲೆ ಹೊರಗೆ ಹೋಗಿ, ಲಾರಿಯನ್ನು ಖಾಲಿಯಾಗಿಯೇ ಕಳಿಸಿದ.