ಸಾರಿಗೆ ಹಾಕಿದ ಕೆಂಪು ಬೇರು

ಒಂದಾನೊಂದು ಊರಿನಲ್ಲಿ ಎಂದೂ ಆರದ ಒಂದು ಮಣ್ಣಿನ ಮಡಕೆ ಇತ್ತು. ಬಹಳ ಹಿಂದಿನ ಮಾತಲ್ಲ, ಹೋದ ಚಳಿಗಾಲದ್ದು. ಊರು ಚೀನಾದ ಶುಂದೆ, ಮನೆ ಕಾಲುವೆಯ ಪಕ್ಕದ್ದು, ಮಡಕೆಯ ಒಡತಿ ಸೌಲಿನ್.

ಅವಳ ಗಂಡ ಬಾಕ್‌ಹೇಯ ಹೃದಯಕ್ಕೆ ಆ ವರ್ಷ ಲೋಹದ ಕವಾಟ ಕೂರಿಸಿದ್ದರು. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ. ಮಾತ್ರೆ ಆಸ್ಪತ್ರೆಯದು, ಮೈಗೆ ಬಲ ತುಂಬುವುದು ತನ್ನ ಸಾರು ಎಂದು ಸೌಲಿನ್ ನಂಬಿದ್ದಳು. ಚಳಿ ಶುರುವಾದ ಮೇಲೆ ಹಂದಿಯ ಎಲುಬು, ಒಣಗಿದ ಬೋರೆಹಣ್ಣು, ದಾಂಗ್‌ಗ್ವಾಯ್ ಬೇರು, ತಾನ್‌ಸಾಮ್ ಎಂಬ ಕೆಂಪು ಬೇರು ಎಲ್ಲವನ್ನೂ ಮೂರು ಗಂಟೆ ಕುದಿಸಿ ದಿನಾ ಕುಡಿಸುತ್ತಿದ್ದಳು.

ಒಂದು ಬೆಳಗ್ಗೆ ಬಾಕ್‌ಹೇ ಹಲ್ಲುಜ್ಜಿ ಉಗಿದದ್ದು ಕೆಂಪಾಗಿತ್ತು. ತೋಳಿನ ಮೇಲೆ ಅಂಗೈಯಗಲದ ನೀಲಿ ಕಲೆ.

"ಯಾರ ಜೊತೆ ಗುದ್ದಾಡಿ ಬಂದ್ರಿ?"

"ನಿನ್ನ ಬಿಟ್ರೆ ಯಾರಿದಾರೆ ಗುದ್ದಾಡೋಕೆ? ತರಕಾರಿ ಚೀಲ ತಗುಲಿತು, ಅಷ್ಟೆ."

ಅವಳಿಗೆ ನಗು ಬರಲಿಲ್ಲ. ಚೀಲದಲ್ಲಿದ್ದದ್ದು ಬರೀ ಸೊಪ್ಪು. ಮಧ್ಯಾಹ್ನವಾದರೂ ಒಸಡಿನ ರಕ್ತ ನಿಲ್ಲಲಿಲ್ಲ. ಗಂಡನಿಗೆ ಬಲ ಸಾಲದಾಯಿತೆಂದು ಹೆದರಿ ಸೌಲಿನ್ ಮಡಕೆಗೆ ಇನ್ನೆರಡು ತುಂಡು ಕೆಂಪು ಬೇರು ಹಾಕಿದಳು.

ಅಷ್ಟರಲ್ಲಿ ಬಿ.ಪಿ. ನೋಡಲು ಬಡಾವಣೆಯ ನರ್ಸ್ ಚಾಯ್‌ವಾನ್ ಬಂದಳು. ಕಲೆ ಕಂಡವಳೇ ಬೆಚ್ಚಿದಳು.

"ಅತ್ತಿಗೆ, ಅಣ್ಣ ಬೇರೆ ಔಷಧಿ ಏನಾದ್ರೂ ತಗೋತಿದಾರಾ?"

"ಏನೂ ಇಲ್ಲಮ್ಮ."

"ಮತ್ತೆ ಈ ವಾಸನೆ?"

"ಸಾರು ಕಣೇ! ನಮ್ಮತ್ತೆ ಮಾಡ್ತಿದ್ರು, ಅವರತ್ತೆ ಮಾಡ್ತಿದ್ರು. ಸಾರನ್ನ ಯಾರಾದ್ರೂ ಔಷಧಿ ಅಂತಾರಾ? ನಾಳೆ ಅನ್ನಕ್ಕೂ ಡಾಕ್ಟರ ಚೀಟಿ ಕೇಳ್ತೀಯ ನೀನು!"

ಚಾಯ್‌ವಾನ್ ಮುಚ್ಚಳ ತೆಗೆದು ನೋಡಿದಳು. "ಅಯ್ಯೋ ಅತ್ತಿಗೆ! ಅಣ್ಣನ ಮಾತ್ರೆ ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ. ಈ ಎರಡು ಬೇರೂ ಅದರ ಜೋರು ಹೆಚ್ಚಿಸ್ತವೆ. ಒಸಡಲ್ಲಿ ಸೋರಿದ್ರೆ ಕಣ್ಣಿಗೆ ಕಾಣುತ್ತೆ. ಹೊಟ್ಟೇಲೋ ತಲೇಲೋ ಸೋರಿದ್ರೆ?"

"ಹಂಗಾದ್ರೆ… ನಾನೇ…" ಸೌಲಿನ್ ಒಲೆ ಆರಿಸಿದಳು.

"ಈಗಲೇ ಆಸ್ಪತ್ರೆಗೆ ಹೋಗೋಣ. ಒಂದು ಬೇರನ್ನೂ ಮುಚ್ಚಿಡದೆ ಹೇಳ್ತೀನಿ ಅಂತ ಮಾತು ಕೊಡಿ."

ಮಾತು ಕೊಟ್ಟಳು. ಬೇರುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಳು. ದಾರಿಯುದ್ದಕ್ಕೂ ಅದೇ ಯೋಚನೆ. ಗಂಡ ಉಳಿಯುತ್ತಾನೋ ಇಲ್ಲವೋ! ನೀವೇ ಕೊಲ್ಲೋಕೆ ಹೊರಟಿದ್ರಾ ಎಂದು ಡಾಕ್ಟರು ಎಲ್ಲರೆದುರು ಕೇಳಿಬಿಟ್ಟರೆ?

ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರ ಹುಬ್ಬು ಗಂಟಾಯಿತು. "ರಕ್ತ ಮಿತಿಮೀರಿ ತೆಳುವಾಗಿದೆ. ಬೇರೇನು ತಗೊಂಡ್ರಿ?"

"ಏನೂ ಇಲ್ಲ ಡಾಕ್ಟ್ರೇ," ಎಂದ ಬಾಕ್‌ಹೇ, ಹೆಂಡತಿಯ ಮಾನ ಉಳಿಸಲು.

ಸೌಲಿನ್ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಗಂಡನ ತುಟಿಯಂಚಿನಲ್ಲಿ ಮತ್ತೆ ರಕ್ತ ಕಂಡಿತು.

"ಸುಳ್ಳು ಹೇಳ್ಬೇಡಿ ರೀ!" ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. "ಇದು, ಇದು. ದಿನಾ ಒಂದು ಬಟ್ಟಲು. ಮೂರು ವಾರ ಆಯ್ತು. ಇವತ್ತು ಇನ್ನೂ ಜಾಸ್ತಿ ಹಾಕಿದ್ದೆ, ಕುಡಿಸೋಕೆ ಮುಂಚೆ ಇವಳು ಬಂದ್ಲು."

ಡಾಕ್ಟರು ಬೈಯಲಿಲ್ಲ. "ಇದು ಗೊತ್ತಾಗದೆ ಇದ್ದಿದ್ರೆ ನಾನು ಕತ್ತಲಲ್ಲಿ ತಡಕಾಡ್ತಿದ್ದೆ. ಸಾರು ನಿಲ್ಸಿ. ಮಾತ್ರೆ ನಾನು ಹೇಳೋವರೆಗೆ ಬೇಡ. ಇವರನ್ನ ಈಗಲೇ ವಾರ್ಡಿಗೆ ಸೇರಿಸ್ತೀನಿ," ಎಂದರು. ಕೆಲವು ದಿನಗಳಲ್ಲಿ ರಕ್ತ ಸೋರುವುದು ನಿಂತು, ಡಾಕ್ಟರು ಹೇಳಿದ ಅಳತೆಯಲ್ಲಿ ಮಾತ್ರೆ ಮತ್ತೆ ಶುರುಮಾಡಿ, ಬಾಕ್‌ಹೇ ಮನೆಗೆ ಮರಳಿದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹೃದ್ರೋಗಿಗಳಿದ್ದಾರೆಯೇ? ಬೇರು, ಕಷಾಯ, ಪುಡಿ, ಸಾರು ಏನೇ ಕೊಡುತ್ತಿದ್ದರೂ ಡಾಕ್ಟರಿಗೆ ತೋರಿಸಿ. ಬೇರು ಕೊಡುವ ವೈದ್ಯರಿಗೂ ಮಾತ್ರೆಯ ಹೆಸರು ಹೇಳಿ. ಹೃದಯದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ರಕ್ತ ಕಾಣಲೆಂದು ಕಾಯಬೇಡಿ. ಇವತ್ತೇ ಹೋಗಿ ಹೇಳಿ.