ನೆರಳಿಲ್ಲದ ದಿನದ ಗುಂಡು

ಗೂಳಿಕೊಪ್ಪಲಿನಲ್ಲಿ ಸೊಟ್ಟಗಿರುವುದಕ್ಕೆಲ್ಲ ಸಿದ್ದಮಲ್ಲಪ್ಪನ ಹೆಸರು. ಹೆಣ್ಣುಮಗಳ ಬೈತಲೆ ಓರೆಯಾದರೆ "ಏನವ್ವ, ಸಿದ್ದಮಲ್ಲಪ್ಪನ ಕೈಲಿ ತಗುಸ್ಕಂಡ್ಯಾ?" ಎನ್ನುತ್ತಾರೆ. ಹೊಗೆಸೊಪ್ಪಿನ ಹೊಲದಲ್ಲಿ ಸಾಲು ಡೊಂಕಾದರೂ ಅದೇ ಮಾತು, ಮದುವೆ ಫೋಟೊದಲ್ಲಿ ಗಂಡಿನ ಪೇಟ ವಾಲಿದ್ದರೂ ಅದೇ ಮಾತು. ಹುಣಸೂರಿನಿಂದ ಕಟ್ಟೆಮಳಲವಾಡಿ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಈ ಊರಿಗೆ ಸೊಸೆಯಾಗಿ ಬಂದವಳು ಮೂರೇ ದಿನದಲ್ಲಿ ಈ ಮಾತು ಕಲಿಯುತ್ತಾಳೆ. ಆ ಮನುಷ್ಯ ಬದುಕಿದ್ದಾನೆ, ಪಕ್ಕದ ಬೀದಿಯಲ್ಲೇ ಇದ್ದಾನೆ ಎಂದು ಗೊತ್ತಾಗುವುದು ಆಮೇಲೆ.

ಕಾರಣ ಒಂದು ಗೋಡೆ. ಹತ್ತೊಂಬತ್ತು ವರ್ಷದ ಹಿಂದೆ ಸಿದ್ದಮಲ್ಲಪ್ಪ ಶಾಲೆ ಮೈದಾನಕ್ಕೆ ಎಂಟಡಿ ಎತ್ತರದ ಕಾಂಪೌಂಡು ಕಟ್ಟಿದ. ಮೊದಲ ಮಳೆಗಾಲಕ್ಕೇ ಅದರ ಪೂರ್ವದ ಮಗ್ಗುಲು ಮೈದಾನದ ಕಡೆಗೆ ಬಗ್ಗಿತು. ಪೂರ್ತಿ ಬಿದ್ದಿದ್ದರೆ ಎರಡು ದಿನ ಆಡಿಕೊಂಡು ಮರೆಯುತ್ತಿದ್ದರೋ ಏನೋ. ಅದು ಬೀಳಲಿಲ್ಲ. ಯಾರೋ ಪುಣ್ಯಾತ್ಮರು ಸಾಲಾಗಿ ಕಲ್ಲುಕಂಬ ಆಸರೆ ಕೊಟ್ಟರು, ಗೋಡೆ ಹಾಗೇ ಬಗ್ಗಿಕೊಂಡು ನಿಂತುಬಿಟ್ಟಿತು.

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ತೂಕಕ್ಕೆ ಗುಂಡು ಎನ್ನುತ್ತಾರೆ. ಗುಂಡು ಹಾಕಿ ನೋಡುವುದು ಎಂದರೆ ಅವರಿಗೆ ಅದು. ಮಿಕ್ಕ ಕನ್ನಡಿಗರಿಗೆ ಗುಂಡು ಹಾಕುವುದು ಎಂದರೆ ಏನು, ಅದನ್ನು ಎಷ್ಟು ಹೊತ್ತಿಗೆ ಹಾಕುತ್ತಾರೆ, ಜೊತೆಗೆ ಏನು ನೆಂಚಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. "ಗುಂಡು ಹಾಕಿ ನೋಡಿ ಕಟ್ಟಪ್ಪಾ ಅಂದ್ರೆ ಗುಂಡು ಹಾಕ್ಕಂಡು ಕಟ್ಟವ್ನೆ" ಎಂದು ಮೊದಲು ಅಂದವನು ಕಂಠಪ್ಪ, ಆ ಗೋಡೆಯ ಕಂಟ್ರಾಕ್ಟರು. ಊರು ನಕ್ಕಿತು, ಇನ್ನೂ ನಗು ನಿಲ್ಲಿಸಿಲ್ಲ.

ಸಿದ್ದಮಲ್ಲಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಗೋಡೆ ಬಗ್ಗಿದ್ದು ಪಾಯ ಸಾಲದೆ ಎಂದು ಅವನಿಗೆ ಗೊತ್ತಿತ್ತು. ಅವನು ಕೆಲಸಕ್ಕೆ ಬರುವ ಹೊತ್ತಿಗೆ ಕಂಠಪ್ಪ ಪಾಯ ತೋಡಿಸಿ, ಕಲ್ಲು ತುಂಬಿಸಿ, ಮುಚ್ಚಿಸಿಯಾಗಿತ್ತು. ಮೂರಡಿ ಎಂದ, ಇವನು ನಂಬಿದ. ಆಮೇಲೆ ಎಷ್ಟು ಬಾಯಿ ಬಡಿದುಕೊಂಡರೂ ಯಾರು ಅಗೆದು ನೋಡುತ್ತಾರೆ? "ಆ ಗ್ವಾಡೆ ನಂದಲ್ಲ" ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತು. ಮೈದಾನದ ಮುಂದೆ ಹೋಗಬೇಕಾದಾಗಲೆಲ್ಲ ಕೆರೆ ಏರಿ ಸುತ್ತಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡ. ಸ್ವಂತ ಊರಿನಲ್ಲಿ ಅವನಿಗೆ ಗಿಲಾವು ಬಳಿಯುವ ಕೆಲಸ ಸಿಗುತ್ತಿತ್ತು, ಹೆಂಚು ಕೈಯಾಡಿಸುವ ಕೆಲಸ ಸಿಗುತ್ತಿತ್ತು, ಗೋಡೆ ಎಬ್ಬಿಸುವುದಕ್ಕೆ ಮಾತ್ರ ಕೆ.ಆರ್. ನಗರದಿಂದ ಮೇಸ್ತ್ರಿ ಕರೆಸುತ್ತಿದ್ದರು. ಈಗ ಅವನಿಗೆ ಅರವತ್ತೊಂದು. ಕೈ ನಡುಗುವುದಕ್ಕೆ ಮುಂಚೆ ಇಡೀ ಊರಿನ ಎದುರಿಗೆ ಏನಾದರೂ ಒಂದನ್ನು ನೆಟ್ಟಗೆ ನಿಲ್ಲಿಸಬೇಕು ಎನ್ನುವುದು ಅವನ ಒಂದೇ ಆಸೆಯಾಗಿತ್ತು.

ಆ ಆಸೆಗೆ ದಾರಿ ತೋರಿಸಿದವಳು ಭಾವನಾ ಟೀಚರು. ಪಿರಿಯಾಪಟ್ಟಣದ ಕಡೆಯ ಹುಡುಗಿ, ಹೈಸ್ಕೂಲಿಗೆ ವಿಜ್ಞಾನ ಹೇಳಲು ಬಂದು ನಾಲ್ಕು ವರ್ಷವಾಗಿತ್ತು. ಪಾಠ ಹೇಳಿ ಮನೆಗೆ ಹೋಗುವ ಜಾತಿಯಲ್ಲ. ಎರಡು ತಿಂಗಳಿಗೊಮ್ಮೆ ಊರವರಿಗೆಲ್ಲ ವಿಜ್ಞಾನ ತೋರಿಸುತ್ತೇನೆಂದು ಹೊರಡುವಳು. ಚಿಟ್ಟೆ ನೋಡುವ ಕಾರ್ಯಕ್ರಮಕ್ಕೆ ಮೂವರು ಬಂದರು, ಅದರಲ್ಲಿ ಒಬ್ಬ ಕಳೆದುಹೋದ ಮೇಕೆ ಹುಡುಕುತ್ತಿದ್ದ. ಕೆರೆಯ ಹಕ್ಕಿ ಎಣಿಸುವುದಕ್ಕೆ ಇಬ್ಬರು ಬಂದು, ಇದರಲ್ಲಿ ಸಾರಿಗೆ ಯಾವುದು ಚೆನ್ನ ಎಂದು ಕೇಳಿದರು. ಕಪ್ಪೆಯ ಕೂಗು ಕೇಳೋಣ ಬನ್ನಿ ಎಂದು ಕರೆದಾಗ ಒಬ್ಬರೂ ಬರಲಿಲ್ಲ. "ಮನೇಲಿ ಕುಂತ್ರೂ ಕೇಳ್ತದಲ್ಲ ಮೇಡಮ್ಮಾರೆ" ಎಂದರು, ಅದೂ ನಿಜವೇ.

ಏಪ್ರಿಲ್ ಮೂರನೆಯ ವಾರ ಅವಳು ಸಿದ್ದಮಲ್ಲಪ್ಪನ ಜಗಲಿಗೆ ಬಂದು ಕುಳಿತಳು.

"ವರ್ಷಕ್ಕೆ ಎರಡೇ ದಿನ ಸೂರ್ಯ ನಮ್ಮ ನೆತ್ತಿ ಮೇಲೆ ಕರೆಕ್ಟಾಗಿ ಬರ್ತಾನೆ ಸಿದ್ದಮಲ್ಲಪ್ಪನೋರೆ. ಇಪ್ಪತ್ತಮೂರನೇ ತಾರೀಕು ಒಂದು ಸಲ, ಆಗಸ್ಟಲ್ಲಿ ಒಂದು ಸಲ. ಆ ಹೊತ್ತಲ್ಲಿ ನೆಟ್ಟಗೆ ನಿಂತಿರೋ ಕಂಬಕ್ಕೆ ನೆರಳೇ ಇರಲ್ಲ."

"ನೆಟ್ಟಗಿಲ್ದಿದ್ರೆ?"

"ಸ್ವಲ್ಪ ವಾಲಿದ್ರೂ ಆ ಕಡೆಗೆ ನೆರಳು ಬಿದ್ದುಬಿಡುತ್ತೆ. ಸೂರ್ಯನಿಗೆ ಸುಳ್ಳು ಹೇಳೋಕಾಗಲ್ಲ. ಅದಕ್ಕೇ ನೆಟ್ಟಗೆ ಒಂದು ಕಬ್ಬಿಣದ ಪೈಪು ನಿಲ್ಲಿಸಿಕೊಡೋರು ಬೇಕು."

ಒಳಗಿನಿಂದ ಹೆಂಡತಿ ಸುನಂದಮ್ಮ ಹೊಸಿಲಿಗೆ ಬಂದು ನಿಂತಳು. ಈ ಹುಡುಗಿಗೆ ಊರಿನ ಮಾತು ಗೊತ್ತಿಲ್ಲವೋ, ಗೊತ್ತಿದ್ದೂ ಬಂದಿದ್ದಾಳೋ ಎಂದು ಅವಳಿಗೆ ಅನುಮಾನ. ಸಿದ್ದಮಲ್ಲಪ್ಪ ತಲೆಯೆತ್ತಿ ಅಂಗಳದ ಬಿಸಿಲು ನೋಡಿದ. ಊರಿನವರು ನಂಬಲಿ ಬಿಡಲಿ, ಸಾಕ್ಷಿಗೆ ಸೂರ್ಯನೇ ಬರುತ್ತಾನೆ.

"ಗುಂಡು ಹಾಕಿ ನಿಲ್ಸುದ್ರೆ ಕೂದ್ಲಷ್ಟೂ ಅಳ್ಳಾಡಲ್ಲ ಕಣವ್ವ. ನಾನು ಬತ್ತೀನಿ" ಎಂದ.

ಭಾವನಾಗೆ ಆ ಮಾತು ಬಹಳ ಹಿಡಿಸಿತು. ಪುಸ್ತಕದಲ್ಲಿ ಏನೇನೋ ಉದ್ದುದ್ದ ಹೆಸರಿದೆ, ಕೆಲಸ ಮಾಡುವವರ ಬಾಯಲ್ಲಿ ಎಷ್ಟು ಚೆಂದ ಇದೆ ಎಂದುಕೊಂಡಳು. ಆವತ್ತು ಸಂಜೆ ಊರಿನ ವಾಟ್ಸಾಪ್ ಗ್ರೂಪಿಗೆ ಹೀಗೆ ಹಾಕಿದಳು: "ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಶಾಲೆ ಮೈದಾನದಲ್ಲಿ ನೆರಳಿಲ್ಲದ ದಿನ. ಶ್ರೀ ಸಿದ್ದಮಲ್ಲಪ್ಪನವರು ಎಲ್ಲರ ಸಮ್ಮುಖದಲ್ಲಿ ಗುಂಡು ಹಾಕುತ್ತಾರೆ. ಎಲ್ಲರಿಗೂ ಸ್ವಾಗತ. ಬರುವಾಗ ತಪ್ಪದೆ ಲೋಟ ತನ್ನಿ."

ಲೋಟ ತರಲು ಹೇಳಿದ್ದು ಮಜ್ಜಿಗೆಗೆ. ಪ್ಲಾಸ್ಟಿಕ್ ಲೋಟ ಬೇಡ ಎನ್ನುವುದು ಅವಳ ಪರಿಸರ ಕಾಳಜಿ. ಮಜ್ಜಿಗೆ ಎಂದು ಬರೆಯುವುದನ್ನು ಮಾತ್ರ ಮರೆತಿದ್ದಳು.

ಗುರುವಾರ ಹನ್ನೊಂದೂವರೆಗೆ ಕೈಚೀಲ ಹಿಡಿದು ಮೈದಾನಕ್ಕೆ ಬಂದ ಸಿದ್ದಮಲ್ಲಪ್ಪ ಗೇಟಿನಲ್ಲೇ ನಿಂತ. ಇನ್ನೂರು ಜನ ಸೇರಿದ್ದರು. ಊರಿನ ಗಂಡಸರೆಲ್ಲ ಸ್ಟೀಲ್ ಲೋಟ ಹಿಡಿದು ಬಂದಿದ್ದರು, ದೂರದೃಷ್ಟಿಯುಳ್ಳ ಇಬ್ಬರು ಚೊಂಬು ತಂದಿದ್ದರು. ಒಬ್ಬ ಬಾಳೆಲೆಯಲ್ಲಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದ. ಪಕ್ಕದೂರಿನಿಂದ ಒಂದು ಆಟೊ ತುಂಬ ಬಂದಿದ್ದರು. ಗಂಡಂದಿರನ್ನು ಕೈಯಾರೆ ಹಿಡಿಯಬೇಕೆಂದು ಹೆಂಗಸರೂ ಬಂದಿದ್ದರು. ಭಾವನಾ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿ, ನಮ್ಮ ಹಳ್ಳಿ ಜನಕ್ಕೆ ವಿಜ್ಞಾನ ಬೇಡ ಅಂತಾರಲ್ಲ!" ಎಂದಳು.

ಬಿಸಿಲು ಕೆಂಡದಂತಿತ್ತು. ಮೈದಾನದಲ್ಲಿದ್ದ ಒಂದೇ ಮಳೆಮರ ಹೋದ ವರ್ಷದ ಗಾಳಿಗೆ ಉರುಳಿತ್ತು. ಶಾಲೆಗೆ ರಜೆ, ಜಗಲಿಯ ಕಂಬಿ ಬಾಗಿಲಿಗೆ ಬೀಗ, ಬೀಗದ ಕೈ ಹೆಡ್ ಮಾಸ್ಟರ ಜೇಬಿನಲ್ಲಿ, ಹೆಡ್ ಮಾಸ್ಟರು ಎಚ್.ಡಿ. ಕೋಟೆಯ ಮದುವೆಯಲ್ಲಿ. ಶಾಮಿಯಾನ ಹಾಕಿಸೋಣವೆಂದು ಯಾರೋ ಹೇಳಿದ್ದಕ್ಕೆ ಭಾವನಾ, ನೆರಳಿಲ್ಲದ ದಿನ ಮಾಡಲು ಹೋಗಿ ನೆರಳು ಹಾಕಿಸುತ್ತಾರಾ ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು.

ಜನ ದಾರಿ ಬಿಟ್ಟರು. ಎಲ್ಲರ ಕಣ್ಣೂ ಸಿದ್ದಮಲ್ಲಪ್ಪನ ಕೈಚೀಲದ ಮೇಲೆ. ಅವನು ಚೀಲಕ್ಕೆ ಕೈ ಹಾಕಿ, ಹುಣಸೆಹಣ್ಣಿನಿಂದ ಉಜ್ಜಿ ಫಳಫಳ ಮಾಡಿದ್ದ ಹಿತ್ತಾಳೆಯ ಗುಂಡನ್ನು ದಾರ ಸಮೇತ ಮೇಲಕ್ಕೆತ್ತಿ ಹಿಡಿದ.

"ಇದೇನ್ಲಾ ಇದು?" ಎಂದ ಚೊಂಬಿನವನು.

"ಗುಂಡು."

"ಬಾಟ್ಲಿ ಎಲ್ಲಿ?"

ಆಮೇಲೆ ಎದ್ದ ಗಲಾಟೆಯನ್ನು ಅಕ್ಷರದಲ್ಲಿ ಬರೆಯುವಂತಿಲ್ಲ. ಆಟೊದವರು ಬಾಡಿಗೆಯನ್ನು ವಾಪಸು ಕೇಳಿದರು. ಉಪ್ಪಿನಕಾಯಿಯವನು, "ಇದನ್ನ ಲೋಟಕ್ಕೆ ಹಾಕ್ಕಂಡು ನೆಕ್ಕನಾ?" ಎಂದು ಅಬ್ಬರಿಸಿದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೂ ನಕ್ಕೂ ಸುಸ್ತಾದರು. ನಡೆದದ್ದು ಏನೆಂದು ಭಾವನಾಗೆ ನಿಧಾನವಾಗಿ ಅರ್ಥವಾಗಿ, ಮುಖ ಕೆಂಪಾಗಿ, ಮಜ್ಜಿಗೆ ಡ್ರಮ್ಮಿನ ಹಿಂದೆ ಹೋಗಿ ನಿಂತಳು. ಅಷ್ಟರಲ್ಲಿ ಕಂಠಪ್ಪ ಮುಂದಕ್ಕೆ ಬಂದ. ಈಗ ಅವನು ಕಂಟ್ರಾಕ್ಟರಲ್ಲ, ಪಂಚಾಯ್ತಿ ಮೆಂಬರು, ಹೊಟ್ಟೆಯೂ ಅದಕ್ಕೆ ತಕ್ಕಂತೆ ಬೆಳೆದಿತ್ತು.

"ಇರ್ರಲಾ, ಎಲ್ಲಿಗ್ ಓಯ್ತೀರಿ? ನಮ್ಮ ಸಿದ್ದಮಲ್ಲ ನಿಲ್ಸಿದ ಪೈಪು ಯಾವ್ ಕಡೀಕ್ ವಾಲ್ತದೆ ನೋಡ್ಕಂಡೇ ಓಗನ. ಗುಂಡಿಗಿಂತ ಜಾಸ್ತಿ ಮಜ ಅದೆ."

ಆ ಮಾತಿಗೆ ಜನ ನಿಂತರು. ಸಿದ್ದಮಲ್ಲಪ್ಪನಿಗೆ ಗುಂಡು ಎಸೆದು ಕೆರೆ ಏರಿ ಹತ್ತಿ ಮನೆಗೆ ಹೋಗಿಬಿಡಬೇಕು ಎನಿಸಿತು. ಆದರೆ ಜನರ ನಡುವೆ ಸುನಂದಮ್ಮ ನಿಂತಿದ್ದಳು. ನಗುತ್ತಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ, ಸುಮ್ಮನೆ ಗಂಡನ ಕೈ ನೋಡುತ್ತಿದ್ದಳು. ಅವನು ಮಂಡಿಯೂರಿ ಕುಳಿತ.

ಆರಡಿ ಪೈಪು. ಬಾಂಡ್ಲಿಯ ತುಂಬ ಜಲ್ಲಿ ಮರಳು. ಪೈಪನ್ನು ನಿಲ್ಲಿಸಿ ದಾರ ಇಳಿಬಿಟ್ಟು, ಗುಂಡು ಓಲಾಡುವುದು ನಿಲ್ಲುವವರೆಗೆ ಉಸಿರು ಹಿಡಿದ. ಒಂದು ಕಡೆಯಿಂದ ನೋಡಿ, ಸುತ್ತಿ ಬಂದು ಇನ್ನೊಂದು ಕಡೆಯಿಂದ ನೋಡಿದ. ಒಂದು ಹರಳು ತೆಗೆದ, ಒಂದು ಹರಳು ಸಿಕ್ಕಿಸಿದ. ಜನ ತಲೆಗೊಂದು ತಮಾಷೆ ಮಾಡುತ್ತಿದ್ದರು. ಅವನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಬೆವರು ಕಣ್ಣಿಗೆ ಇಳಿದಾಗ ಭುಜಕ್ಕೆ ಒರೆಸಿಕೊಂಡನೇ ಹೊರತು ಕೈ ಅಲುಗಿಸಲಿಲ್ಲ.

ಹನ್ನೆರಡು ಹತ್ತಕ್ಕೆ ಪೈಪಿನ ನೆರಳು ನಾಲ್ಕು ಬೆರಳಿನಷ್ಟಿತ್ತು. ಹನ್ನೆರಡು ಹದಿನೈದಕ್ಕೆ ಮೋಡವೊಂದು ಬಂದು, ಇನ್ನೂರು ಜನರ ಬೈಗುಳ ತಿಂದು, ಮುಂದಕ್ಕೆ ಹೋಯಿತು. ಇಪ್ಪತ್ತಕ್ಕೆ ನೆರಳು ಅರ್ಧ ಬೆರಳಾಯಿತು. ಭಾವನಾ ನಾಚಿಕೆ ಮರೆತು ಮೊಬೈಲ್ ಹಿಡಿದು ಓಡಿಬಂದಳು. "ಇಪ್ಪತ್ತೊಂದು... ಇಪ್ಪತ್ತೆರಡು..." ಎಂದು ಎಣಿಸುತ್ತಿದ್ದಳು. ಇಪ್ಪತ್ತಮೂರಕ್ಕೆ ಪೈಪಿನ ಬುಡದಲ್ಲಿ ಏನೂ ಇರಲಿಲ್ಲ. ಆ ಕಡೆ ಇಲ್ಲ, ಈ ಕಡೆ ಇಲ್ಲ. ಅಷ್ಟು ಬಿಸಿಲಿನಲ್ಲಿ ಒಂದು ಕಪ್ಪು ಗೆರೆಯೂ ಇಲ್ಲದೆ ಪೈಪು ನಿಂತಿತ್ತು, ಜನ ಬಗ್ಗಿ ಬಗ್ಗಿ ನೋಡಿದರು.

"ಇಲ್ಲ ಕಣ್ಲಾ! ನೆಳ್ಳೇ ಇಲ್ಲ!" ಎಂದು ಚೊಂಬಿನವನು ಕೂಗಿದ.

ಸಿದ್ದಮಲ್ಲಪ್ಪ ಎದ್ದು ನಿಂತ. ಹತ್ತೊಂಬತ್ತು ವರ್ಷದಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಹೇಳುವ ಹೊತ್ತು ಇದೇ. ಗಂಟಲು ಸರಿಮಾಡಿಕೊಂಡು ತಿರುಗಿದ. ಕೇಳುವುದಕ್ಕೆ ಅಲ್ಲಿ ಭಾವನಾ ಒಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ನೆರಳಿಲ್ಲದ್ದು ನೋಡಿಯಾಯಿತು, ಇನ್ನು ನೆರಳು ಬೇಕು ಎಂದು ಇನ್ನೂರು ಜನ ಓಡಿದ್ದರು. ಇಡೀ ಮೈದಾನದಲ್ಲಿ ಆ ಗಳಿಗೆಯಲ್ಲಿ ನೆರಳಿದ್ದದ್ದು ಒಂದೇ ಕಡೆ, ಪೂರ್ವದ ಬಗ್ಗಿದ ಗೋಡೆಯ ಕೆಳಗೆ. ಒಂದಡಿ ಅಗಲ, ಇನ್ನೂರಡಿ ಉದ್ದ. ಮುದುಕಿಯರು, ಹೆಂಗಸರು, ಆಟೊದವರು ಎಲ್ಲ ಅದರೊಳಗೆ ತುರುಕಿಕೊಂಡು, ಕಾಲು ಬಿಸಿಲಿಗೆ ಚಾಚಿ, ಲೋಟ ಹಿಡಿದು ಕುಳಿತಿದ್ದರು. ಮಜ್ಜಿಗೆ ಡ್ರಮ್ಮೂ ಅಲ್ಲಿಗೇ ಹೋಗಿತ್ತು. ಗೋಡೆಯ ನಡುಮಧ್ಯೆ ಜಾಗ ಹಿಡಿದಿದ್ದ ಸುಂದ್ರಮ್ಮಜ್ಜಿ ಎರಡನೆಯ ಲೋಟ ಮುಗಿಸಿ, ತಲೆಯ ಮೇಲೆ ಚಾಚಿದ್ದ ಗೋಡೆಯನ್ನು ತಡವಿದಳು.

"ಯಾವ್ ಪುಣ್ಯಾತ್ಮ ಕಟ್ಟಿದ್ನಪ್ಪಾ ಇದನ್ನ. ತಾಯಿ ಸೆರಗ್ ಮುಚ್ದಂಗೆ ಅದೆ."

ಪುಣ್ಯಾತ್ಮ ಎನ್ನುವ ಮಾತು ಕಿವಿಗೆ ಬಿದ್ದರೆ ಕಂಠಪ್ಪ ಸುಮ್ಮನಿರುವ ಪೈಕಿಯಲ್ಲ; ಮುಂದೆ ಚುನಾವಣೆಯೂ ಇತ್ತು. ಹೊಟ್ಟೆಯನ್ನು ಬಿಸಿಲಿಗೆ ಬಿಟ್ಟು ತಲೆಯನ್ನು ನೆರಳಿಗಿಟ್ಟು ಕುಳಿತಿದ್ದವನು ಕೈಯೆತ್ತಿದ.

"ನಾನು ಕಣಜ್ಜಿ! ಇದು ನನ್ ಕಂಟ್ರಾಕ್ಟು."

"ನೀನಾ? ಇದು ಸಿದ್ದಮಲ್ಲಪ್ಪ ಕಟ್ಟಿದ್ದಲ್ವಾ?"

"ಅವ್ನ್ ಕಟ್ಟಿದ್ದು ನೆಟ್ಟಗೇ ಇತ್ತು ಕಣಜ್ಜಿ! ಬಗ್ಗುಸ್ದೋನು ನಾನು. ಮೂರಡಿ ಪಾಯ ತೋಡ್ಸಿದ್ರೆ ಬಗ್ತಿತ್ತಾ ಇದು? ಒಂದೂವರೆ ಅಡಿಗೇ ಸಾಕು ಅಂತ ಮುಚ್ಸುದ್ನಲ್ಲ, ಅದ್ಕೇ ಇವತ್ತು ಎಲ್ರಿಗೂ ನೆಳ್ಳು. ಈ ನೆಳ್ಳು ನಂದು!"

ಹೇಳಿದ ಮೇಲೆ ಕಂಠಪ್ಪನಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ಇನ್ನೂರು ಜನ ಲೋಟ ಬಾಯಿಯ ಹತ್ತಿರ ಹಿಡಿದು ಹಾಗೇ ಕುಳಿತರು. ಸುನಂದಮ್ಮ ಒಮ್ಮೆಲೇ ಅತ್ತುಬಿಟ್ಟಳು, ಜೋರಾಗಿ, ನಾಚಿಕೆಯಿಲ್ಲದೆ.

ಸಿದ್ದಮಲ್ಲಪ್ಪ ಅಲ್ಲಿಗೆ ಬಂದು ನಿಂತಿದ್ದ. ಅವನು ಬಯಸಿದ್ದೆಲ್ಲ ಸಿಕ್ಕಿತ್ತು. ಕಟ್ಟಿದ್ದು ನೆಟ್ಟಗೇ ಇತ್ತು ಎಂದು ಕಂಠಪ್ಪ ತನ್ನ ಬಾಯಿಂದಲೇ ಊರೆದುರಿಗೆ ಹೇಳಿದ್ದ. ಈಗ ಅವನು ತಣ್ಣಗೆ ಮನೆಗೆ ಹೋಗಬಹುದಿತ್ತು. ಆದರೆ ಅವನ ಕಿವಿಯಲ್ಲಿ ಉಳಿದದ್ದು "ಈ ನೆಳ್ಳು ನಂದು" ಎನ್ನುವ ಕೊನೆಯ ಮಾತು. ಮೈಯೆಲ್ಲ ಉರಿದುಹೋಯಿತು. ಹಿತ್ತಾಳೆ ಗುಂಡನ್ನು ಹಿಡಿದ ಕೈಯಿಂದಲೇ ಗೋಡೆಗೆ ಗುದ್ದಿದ.

"ನಿಂದೆಂಗ್ಲಾ ಆಯ್ತದೆ? ಒಂದೊಂದ್ ಇಟ್ಗೇನೂ ಇಟ್ಟೋನು ನಾನು. ಇಂಥ ಪಾಯದ್ ಮ್ಯಾಲೆ ಹತ್ತೊಂಬತ್ತು ವರ್ಸ ಬೀಳ್ದಂಗ್ ನಿಂತದಲ್ಲ, ಅದು ನನ್ ಕೈ ಕಣ್ಲಾ! ಈ ಗ್ವಾಡೆ ನಂದು!"

ಯಾರೂ ನಗಲಿಲ್ಲ. ಸುನಂದಮ್ಮ ಮೂಗು ಒರೆಸಿಕೊಂಡು ಪಕ್ಕದವಳನ್ನು ಮೊಣಕೈಯಿಂದ ತಳ್ಳಿದಳು.

"ಸರ್ಕಳಿ ಅತ್ಲಾಗೆ. ಗ್ವಾಡೆಯೋರು ಕುಂತ್ಕಳ್ಲಿ."

ಒಬ್ಬರನ್ನೊಬ್ಬರು ಒತ್ತಿಕೊಂಡು ಇನ್ನೂರಡಿ ಉದ್ದಕ್ಕೂ ಜನ ಸರಿದರು, ಆ ತುದಿಯಲ್ಲಿ ಕಂಠಪ್ಪ ಬಿಸಿಲಿಗೆ ಬಿದ್ದ. ಆದ ಜಾಗದಲ್ಲಿ ಸಿದ್ದಮಲ್ಲಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಸುಂದ್ರಮ್ಮಜ್ಜಿ ಅವನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, "ಹಾಕಪ್ಪ ಗುಂಡು" ಎಂದಳು.